ಒಂದು ತಲೆ, ಎರಡು ಹರಕೆ

ಮೊನ್ನೆ ಮೈಸೂರಿನ ಡಾಕ್ಟರೊಬ್ಬರು ನನ್ನ ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ, ಕನ್ನಡಕ ತೆಗೆದಿಟ್ಟು, ಏನೂ ತೊಂದರೆಯಿಲ್ಲ, ಆರಾಮಾಗಿ ಮನೆಗೆ ಹೋಗಿ ಅಂದರು. ಪಕ್ಕದಲ್ಲಿದ್ದ ಮಗಳು ಖುಷಿಗೆ ಅತ್ತೇಬಿಟ್ಟಳು. ನಾನು ಮಾತ್ರ ಆಟೋದಲ್ಲಿ ಕೂತ ಕೂಡಲೇ ಬೆವರತೊಡಗಿದೆ. ರಿಪೋರ್ಟ್ ಬರುವ ತನಕ ಯಾವ ದೇವರಿಗೆ ಏನು ಹೇಳಿಕೊಂಡಿದ್ದೆ, ಯಾವುದನ್ನು ಮೊದಲು ತೀರಿಸಬೇಕು, ಒಬ್ಬರಿಗೆ ಕೊಡುತ್ತೇನೆಂದದ್ದನ್ನೇ ಇನ್ನೊಬ್ಬರಿಗೂ ಕೊಡುತ್ತೇನೆ ಅಂದುಬಿಟ್ಟಿದ್ದೇನೆಯೇ ಅಂತ ಮನಸ್ಸು ತಡಕಾಡತೊಡಗಿತು. ಕಾಯಿಲೆ ಇದ್ದರೂ ಭಯ, ಇಲ್ಲದಿದ್ದರೂ ಭಯ, ನಿನ್ನ ಜೊತೆ ಏಗುವುದು ಹೇಗಮ್ಮ ಅಂತ ಮಗಳು ಬೈದಳು. ಬೈದದ್ದು ನ್ಯಾಯವೇ. ಒಳ್ಳೆಯದಾದ ಕೂಡಲೇ ಹೆದರುವ ಈ ಬುದ್ಧಿ ಅವಳಿಗೆ ಬರಲಿಲ್ಲವಲ್ಲ ಅಂತ ನನಗೂ ಸಮಾಧಾನವಿದೆ. ನನಗೆ ಅದು ಬಂದದ್ದು ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ, ನಾನು ಎರಡನೇ ಕ್ಲಾಸಿನಲ್ಲಿದ್ದ ವರ್ಷ.

ನಮ್ಮದು ಅರಿಸಿನದ ಮನೆ. ಅಪ್ಪ ಕುದೇರು, ಹರದನಹಳ್ಳಿ ಕಡೆಯ ರೈತರಿಂದ ಅರಿಸಿನದ ಕೊಂಬು ಕೊಂಡು ಮಂಡಿಗೆ ಹಾಕುತ್ತಿದ್ದರು. ರಸ್ತೆ ಕಡೆಯ ದೊಡ್ಡ ಕೋಣೆಯ ತುಂಬ ಮೂಟೆಗಳು. ಅದರ ಧೂಳು ನಮ್ಮ ಹಾಸಿಗೆ, ನೀರಿನ ಹಂಡೆ, ನನ್ನ ಶಾಲೆಯ ಬಿಳಿ ಅಂಗಿ, ಯಾವುದನ್ನೂ ಬಿಟ್ಟಿರಲಿಲ್ಲ. ಮೂಟೆಯ ಕೋಣೆ ದಾಟಿದರೆ ನಡುಮನೆ, ಅದರ ಮೂಲೆಯಲ್ಲಿ ಅಜ್ಜಿ ಲಿಂಗಪೂಜೆಗೆ ಕೂರುವ ಮಣೆ, ಆಮೇಲೆ ಅಡುಗೆಮನೆ, ಅದರ ಹಿಂದೆ ಹಿತ್ತಿಲು. ಹಿತ್ತಿಲಿಗೊಂದು ಎದೆಮಟ್ಟದ ಗೋಡೆ. ಗೋಡೆಯಾಚೆ ಕಲಾಯಿ ಬಾಷಾ ಸಾಬರ ಅಂಗಳ. ಅವರು ತಿದಿ ಒತ್ತಿ, ಕಾದ ಹಿತ್ತಾಳೆ ಪಾತ್ರೆಗೆ ನವಸಾಗರದ ಪುಡಿ ಹಾಕಿದಾಗ ಏಳುತ್ತಿದ್ದ ಬಿಳಿ ಹೊಗೆ ನೇರವಾಗಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅಜ್ಜಿ ಕೆಮ್ಮುತ್ತ ಬೈಯುತ್ತಿದ್ದಳು. ಬಾಷಾ ಸಾಬರ ಹೆಂಡತಿ ಜೈನಬ್ಬಿ ಗೋಡೆಯ ಮೇಲಿಂದ ಮುಖ ತೋರಿಸಿ, ಇನ್ನೆರಡೇ ಪಾತ್ರೆ ಅಜ್ಜಿ ಅನ್ನುತ್ತಿದ್ದಳು. ಅದು ಯಾವತ್ತೂ ಎರಡಕ್ಕೆ ನಿಂತದ್ದಿಲ್ಲ.

ಜೈನಬ್ಬಿಗೆ ಇದ್ದವರು ಗಂಡುಮಕ್ಕಳೇ. ಇಬ್ಬರೂ ಬೆಳೆದು, ಅಪ್ಪನ ಜೊತೆ ಸೈಕಲ್ ಏರಿ ಹಳ್ಳಿಗಳಿಗೆ ಕಲಾಯಿ ಹಾಕಲು ಹೋಗುತ್ತಿದ್ದರು. ಹಾಗಾಗಿ ಶಾಲೆಯ ಹೊತ್ತು ಬಿಟ್ಟರೆ ಹಗಲಿಡೀ ನಾನು ಅವಳ ಪಾಲು. ಅವ್ವ ಈಚೆಯಿಂದ ನನ್ನನ್ನು ಗೋಡೆಯ ಮೇಲೆ ಕೂರಿಸಿದರೆ ಆಚೆಯಿಂದ ಅವಳು ಇಳಿಸಿಕೊಳ್ಳುತ್ತಿದ್ದಳು. ತಲೆ ಬಾಚುವುದು, ಹೇನು ತೆಗೆಯುವುದು, ಮಗ್ಗಿ ಒಪ್ಪಿಸಿಕೊಳ್ಳುವುದು ಎಲ್ಲ ಅಲ್ಲೇ. ಮಗ್ಗಿ ಅವಳಿಗೂ ಬರುತ್ತಿರಲಿಲ್ಲ. ಹೊಟ್ಟೆಯ ವಿಷಯದಲ್ಲಿ ಮಾತ್ರ ಅಜ್ಜಿ ಕಟ್ಟುನಿಟ್ಟು. ಲಿಂಗ ಕಟ್ಟಿದ ಮನೆಯ ಮಗು ಆ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟಬಾರದು. ಅದಕ್ಕೆ ರಂಜಾನಿನಲ್ಲಿ ಜೈನಬ್ಬಿ ಹಸಿ ಶಾವಿಗೆ, ಸಕ್ಕರೆ, ಗೋಡಂಬಿ ಬೇರೆ ಬೇರೆ ಪೊಟ್ಟಣ ಕಟ್ಟಿ ಗೋಡೆಯ ಮೇಲಿಡುತ್ತಿದ್ದಳು, ಅವ್ವ ನಮ್ಮ ಒಲೆಯಲ್ಲಿ ಪಾಯಸ ಮಾಡುತ್ತಿದ್ದಳು. ಅದನ್ನು ಅಜ್ಜಿಯೂ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದಳು.

ದೇವರಿಗೆ ಉಪಕಾರ ಹೇಳುವ ವಿಷಯಕ್ಕೆ ಬಂದರೆ ಗೋಡೆಯ ಈಚೆಗೂ ಆಚೆಗೂ ಬಹಳ ವ್ಯತ್ಯಾಸವಿತ್ತು. ನಮ್ಮಲ್ಲಿ ಅದು ಭಯದ ಕೆಲಸ. ಅಜ್ಜಿ ಎಡಗೈಯಲ್ಲಿ ಲಿಂಗವಿಟ್ಟುಕೊಂಡು, ನೀರೆರೆದು, ವಿಭೂತಿ ಇಟ್ಟು, ತನಗೆ ದಕ್ಕಿದ್ದನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಸುವ ತನಕ ಯಾರೂ ತುತ್ತು ಎತ್ತುವಂತಿರಲಿಲ್ಲ. ಮುದ್ದೆ ಆರಿ ಕಲ್ಲಾದರೂ ಸರಿಯೇ. ಒಳ್ಳೆಯ ಸುದ್ದಿ ಬಂದರೆ ಮೊದಲು ಶಿವನಿಗೆ ಹೇಳಬೇಕು, ಆಮೇಲೆ ಜನಕ್ಕೆ. ಮರೆತರೆ ಕೊಟ್ಟವನು ಕಿತ್ತುಕೊಳ್ಳುತ್ತಾನೆ. ಹೀಗೆ ಕಿತ್ತುಕೊಂಡ ಕಥೆಗಳು ಅಜ್ಜಿಯ ಬಳಿ ರಾಶಿ ಇದ್ದವು. ಹರಕೆ ಮರೆತು ಕಣ್ಣು ಹೋದವರು, ಮುಂದಿನ ವರ್ಷ ಅಂತ ದೂಡಿ ದನ ಕಳೆದುಕೊಂಡವರು, ಎಲ್ಲರೂ ನಮಗೆ ಗೊತ್ತಿರುವ ಊರಿನವರೇ. ಕುದೇರಿನಿಂದ ಸೊಸೆಯಾಗಿ ಬಂದ ನನ್ನವ್ವ ಗೌರಮ್ಮ ಮೊದಲೇ ಪುಕ್ಕಲು. ಅವಳು ಇದನ್ನೆಲ್ಲ ಅಜ್ಜಿಗಿಂತ ಹೆಚ್ಚು ನಂಬಿದಳು. ಅರಿಸಿನಕ್ಕೆ ಒಳ್ಳೆಯ ರೇಟು ಬಂತು ಅಂತ ಅಪ್ಪ ನಗುತ್ತ ಒಳಗೆ ಬಂದರೆ ಇವಳ ಮುಖ ಸಣ್ಣಗಾಗುತ್ತಿತ್ತು. ಆಚೆ ಜೈನಬ್ಬಿ ಎಲ್ಲಕ್ಕೂ ‘ಅಲ್ಲಾ ಕಾ ಶುಕರ್’ ಅನ್ನುವವಳು. ಮಳೆ ಬಂದರೆ ಶುಕರ್, ಮಳೆ ನಿಂತರೆ ಶುಕರ್. ಒಂದು ದಿನ ಅವಳ ಒಲೆಯ ಮೇಲೆ ಹಾಲೆಲ್ಲ ಉಕ್ಕಿ ಹೋದದ್ದಕ್ಕೂ ಅದನ್ನೇ ಅಂದಳು.

“ಅಷ್ಟೂ ಹಾಲು ಬೂದಿಗ್ ಓಯ್ತಲ್ಲ ಜೈನಬಕ್ಕ, ಅದ್ಕೂ ಶುಕರ್ ಅಂತೀಯಲ್ಲ,” ಅಂದಳು ಅವ್ವ.

“ಪಾತ್ರೆ ತಳ ಹಿಡೀಲಿಲ್ವಲ್ಲ ಗೌರಿ,” ಅಂದಳು ಅವಳು, ಒಲೆ ಒರೆಸುತ್ತ.

ಆ ಮಳೆಗಾಲದಲ್ಲಿ ನನಗೆ ಟೈಫಾಯ್ಡ್ ಬಂತು. ಊರಿನ ಸಣ್ಣ ಆಸ್ಪತ್ರೆಯ ಡಾಕ್ಟರು ಮನೆಗೇ ಔಷಧಿ ಕೊಟ್ಟು ಕಳಿಸಿದರು. ಅಲ್ಲಿ ನರ್ಸಾಗಿದ್ದ ಏಲಿಯಮ್ಮ ಸಿಸ್ಟರ್ ದಿನಾ ಬಂದು ಇಂಜೆಕ್ಷನ್ ಚುಚ್ಚಿ ಹೋಗುತ್ತಿದ್ದರು. ಅವರು ಗಡಿಯಾಚೆಯ ಕೇರಳದವರು, ಮದ್ದೂರು ಕಾಡಿನ ದಾರಿಯ ಬಸ್ಸಿನಲ್ಲಿ ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವವರು. ನನ್ನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಜ್ವರ ಇಳಿಯದೆ ಮಾತು ತೊದಲತೊಡಗಿದ ದಿನ ಬೆಳಿಗ್ಗೆ ಅವ್ವ ದೀಪದ ಮುಂದೆ ನಿಂತು, ಮಾದಪ್ಪ, ಇವಳನ್ನು ಉಳಿಸಿಕೊಡು, ನಿನ್ನ ಬೆಟ್ಟಕ್ಕೆ ಕರೆತಂದು ಮುಡಿ ಕೊಡಿಸುತ್ತೇನೆ ಅಂತ ಕೂಗಿ ಹೇಳಿದ್ದು ನನಗೆ ಕೇಳಿಸಿತ್ತು. ಮಾದಪ್ಪನೆಂದರೆ ನಮ್ಮ ಸೀಮೆಯವರೆಲ್ಲ ನಡೆದುಕೊಳ್ಳುವ ಮಲೆ ಮಹದೇಶ್ವರ. ಆ ಮಧ್ಯಾಹ್ನ ನನಗೆ ಅದುರು ಬಂತಂತೆ, ಕಣ್ಣು ಮೇಲೆ ಹೋಯಿತಂತೆ. ಅಪ್ಪ ಡಾಕ್ಟರನ್ನು ಕರೆತರಲು ಓಡಿದ್ದರು, ಅಜ್ಜಿ ಮಠಕ್ಕೆ ವಿಭೂತಿ ತರಲು ಹೋಗಿದ್ದಳು. ನನಗೆ ನೆನಪಿರುವುದು ಇಷ್ಟೇ: ದಪ್ಪ ಮೈಯ ಜೈನಬ್ಬಿ ಗೋಡೆ ಹತ್ತಿ ದಾಟಿ ಬಂದಳು. ನನ್ನನ್ನು ಮಡಿಲಿಗೆ ಎಳೆದುಕೊಂಡು, ಸೆರಗನ್ನು ನೀರಿನಲ್ಲಿ ಅದ್ದಿ ಅದ್ದಿ ಒರೆಸಿದಳು. ಅವಳ ಮೈಯಿಂದ ಬೂದಿಯ ವಾಸನೆ ಬರುತ್ತಿತ್ತು. ಅವಳ ಬಾಯಿ ಏನನ್ನೋ ಬಿಡದೆ ಪಿಸುಗುಡುತ್ತಿತ್ತು. ಅವ್ವ ಎಲ್ಲಿ ಅಂತ ನಾನು ಕಣ್ಣಲ್ಲೇ ಹುಡುಕಿದೆ, ಕಾಣಲಿಲ್ಲ. ಸಂಜೆ ಹೊತ್ತಿಗೆ ಬೆವರು ಬಿಟ್ಟು ಮೈ ತಣ್ಣಗಾಯಿತು. ಏಲಿಯಮ್ಮ ಸಿಸ್ಟರ್ ಥರ್ಮಾಮೀಟರ್ ನೋಡಿ, ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿ, ತಮ್ಮ ಹಣೆ, ಎದೆ, ಎರಡು ಭುಜ ಮುಟ್ಟಿಕೊಂಡರು.

ನಾನು ಎದ್ದು ಓಡಾಡುವ ಹಾಗಾದ ಮೇಲೆ ಕೂದಲು ಉದುರತೊಡಗಿತು. ಟೈಫಾಯ್ಡ್ ಬಂದವರಿಗೆಲ್ಲ ಉದುರುತ್ತದೆ, ಮತ್ತೆ ಬರುತ್ತದೆ ಅಂತ ಡಾಕ್ಟರು ಹೇಳಿದ್ದರು. ಅವ್ವನಿಗೆ ಅದು ತಲೆಗೆ ಹೋಗಲಿಲ್ಲ. ಮುಡಿ ಮಾದಪ್ಪನದು, ಜ್ವರ ಕಂಡ ಈ ಕೂದಲನ್ನೇ ಕೊಡುತ್ತೇನೆ ಅಂದಿದ್ದೇನೆ, ಇದೆಲ್ಲ ಗಾಳಿಗೆ ಹೋದರೆ ಬೆಟ್ಟಕ್ಕೆ ಏನು ಕೊಡಲಿ ಅಂತ ಅವಳ ಚಿಂತೆ. ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಬಚ್ಚಲಿನ ತೂಬಿನಲ್ಲಿ ಸಿಕ್ಕಿದ ಎಳೆಗಳನ್ನೆಲ್ಲ ಉಂಡೆ ಸುತ್ತಿ, ಅರಿಸಿನದ ಚೀಲದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಗೂಡಿನಲ್ಲಿ ಇಡತೊಡಗಿದಳು. ನಾನು ಎದ್ದ ಜಾಗವನ್ನೆಲ್ಲ ಅವಳು ಬಗ್ಗಿ ನೋಡುತ್ತಿದ್ದಳು. ಶಾಲೆಯಲ್ಲಿ ಉದುರಿದ್ದಕ್ಕೆ ಏನು ಮಾಡುವುದು ಅಂತ ಒಂದು ದಿನ ಅತ್ತೇಬಿಟ್ಟಳು. ಶಾಲೆಗೆ ಹೋಗುವಾಗ ತಲೆಗೆ ಬಟ್ಟೆ ಕಟ್ಟಿ ಕಳಿಸುವ ಪದ್ಧತಿ ಅಲ್ಲಿಂದ ಶುರುವಾಯಿತು. ಹುಡುಗಿಯರು ನಗುತ್ತಿದ್ದರು. ನನಗೆ ನಾಚಿಕೆಗಿಂತ ಹೆದರಿಕೆ ಹೆಚ್ಚಾಗಿತ್ತು, ಯಾರಾದರೂ ಬಟ್ಟೆ ಎಳೆದರೆ ಅಳುತ್ತಿದ್ದೆ.

ಗೋಡೆಯಾಚೆಯೂ ಇಂಥದೇ ನಡೆಯುತ್ತಿತ್ತು ಅಂತ ನಮಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಜೈನಬ್ಬಿ ತನ್ನ ಅಂಗಳದಲ್ಲಿ ಕೂತು ನನ್ನ ತಲೆ ಬಾಚುತ್ತಿದ್ದಳು. ಅವ್ವ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತ ಮಾತಾಡುತ್ತಿದ್ದಳು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಜೈನಬ್ಬಿ ಬೆರಳಿಗೆ ಸುತ್ತಿ, ಬಿಸಾಡದೆ, ಪಕ್ಕದಲ್ಲಿದ್ದ ತಗಡಿನ ಡಬ್ಬಿಯೊಳಗೆ ಹಾಕಿ ಮುಚ್ಚಿದಳು. ಡಬ್ಬಿ ಅರ್ಧದಷ್ಟು ತುಂಬಿತ್ತು.

“ಅದ್ನ ಇತ್ತ ಕೊಡು, ನಾನು ಎತ್ತಿಡ್ತಾ ಇವ್ನಿ,” ಅಂದಳು ಅವ್ವ.

“ಇದು ಬಾವಾದು ಗೌರಿ. ಬುಡು, ನನ್ ತಾವೇ ಇರ್ಲಿ.”

“ಯಾವ ಬಾವಾ?”

“ಮದ್ದೂರು ರಸ್ತೆ ದರ್ಗಾದ್ ಬಾವಾ. ಆವತ್ತು ಇವ್ಳು ಕಣ್ಣು ಮೇಲಕ್ ಮಾಡ್ದಾಗ ಹೇಳ್ಕೊಂಡೆ. ಇವ್ಳ ಕೂದ್ಲು ನಿಂಗೇನೇ ಬಾವಾ, ಮಗೀನ ನಮಗ್ ಬುಡು ಅಂತ. ಸಂಜೆಯೊಳ್ಗೇ ಬೆವ್ರು ಬಂತು ನೋಡು.”

ಅವ್ವನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ನನ್ನ ಮಗಳ ಮುಡಿ ಮಾದಪ್ಪನದು, ಬೆಳಿಗ್ಗೆಯೇ ಹೇಳಿಯಾಗಿತ್ತು ಅಂದಳು. ಜೈನಬ್ಬಿ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳೇನೂ ಜಗಳಕ್ಕೆ ನಿಂತಿರಲಿಲ್ಲ, ನಿಜಕ್ಕೂ ದಿಗಿಲಾಗಿತ್ತು ಅವಳಿಗೆ. ಆದರೆ ಅವ್ವನಿಗೆ ಗಾಬರಿಯಾದರೆ ಬಾಯಿ ಹತೋಟಿಯಲ್ಲಿ ಇರುತ್ತಿರಲಿಲ್ಲ.

“ನನ್ನ ಕೇಳ್ದೆ ನನ್ ಮಗಳ ತಲೆ ಮೇಲೆ ಹರಕೆ ಕಟ್ಕೊಳಾಕೆ ನೀನ್ಯಾರು? ಹೆತ್ತೋಳು ನಾನಾ, ನೀನಾ?”

“ಕೇಳಾಕೆ ನೀನು ಇದ್ದೆಯಾ ಅಲ್ಲಿ?” ಅಂದಳು ಜೈನಬ್ಬಿ. “ಮಗು ನನ್ ಮಡಿಲಲ್ಲಿ ಎಳೀತಾ ಇತ್ತು. ನೀನೆಲ್ಲಿದ್ದೆ ಗೌರಿ ಆವಾಗ?”

ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಆಚೆಯ ಅಂಗಳದಲ್ಲೇ ಉಳಿದಿದ್ದೆ. ಜೈನಬ್ಬಿ ನನ್ನ ಜಡೆಯನ್ನು ಪೂರ್ತಿ ಹೆಣೆದು, ರಿಬ್ಬನ್ ಕಟ್ಟಿ, ಗೋಡೆಯ ಮೇಲೆ ಕೂರಿಸಿದಳು. ಈಚೆಯಿಂದ ಇಳಿಸಿಕೊಳ್ಳಲು ಯಾರೂ ಬರಲಿಲ್ಲ. ನಾನೇ ಹಾರಿ ಮೊಣಕಾಲು ತರಚಿಕೊಂಡೆ.

ಅವತ್ತಿನಿಂದ ಗೋಡೆಯ ಮೇಲೆ ಏನೂ ಬರಲಿಲ್ಲ, ಏನೂ ಹೋಗಲಿಲ್ಲ. ಮನೆಯೊಳಗೆ ಮಾತ್ರ ದಿನಾ ಅದೇ ಮಾತು. ಇದ್ದದ್ದು ಒಂದು ತಲೆ, ಕೇಳುವವರು ಇಬ್ಬರು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಉಳಿಸಿದ್ದನ್ನು ವಾಪಸ್ಸು ತೆಗೆದುಕೊಳ್ಳುತ್ತಾರೆ. ಉಳಿಸಿದ್ದು ಅಂದರೆ ನಾನು. ಮುದ್ದೆ ಮುರಿಯುತ್ತ ಕೂತ ನನ್ನ ಎದುರಿಗೇ ಇದನ್ನೆಲ್ಲ ಮಾತಾಡುತ್ತಿದ್ದರು, ಮಗುವಿಗೆ ಅರ್ಥವಾಗುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. ಅಪ್ಪ ಸಮಾಧಾನದ ಮನುಷ್ಯ. ಅವರು ದರ್ಗಾಕ್ಕೆ ಹೋಗಿ ಅಲ್ಲಿನ ಪೂಜೆ ನೋಡಿಕೊಳ್ಳುವ ಮುಜಾವರ್ ಸಾಬರನ್ನು ಕೇಳಿದರು. ಒಂದು ಎಳೆ ಕೊಟ್ಟು, ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸಿದರೆ ಬಾವಾನಿಗೆ ಸಾಕು, ಮಿಕ್ಕದ್ದನ್ನು ಬೆಟ್ಟಕ್ಕೇ ಕೊಡಿ ಅಂದರಂತೆ ಅವರು. ಚಾಮರಾಜನಗರದ ಸಂತೆಗೆ ಬಂದಿದ್ದ ಬೆಟ್ಟದ ಪೂಜಾರಿಯೊಬ್ಬರನ್ನೂ ಅಪ್ಪ ಕೇಳಿಕೊಂಡು ಬಂದರು. ಮಾದಪ್ಪ ಕೂದಲು ಎಣಿಸುತ್ತ ಕೂತಿಲ್ಲ, ನೀವು ಬನ್ನಿ ಅಂದರಂತೆ ಅವರು. ದೇವರ ಕಡೆಯವರು ಇಬ್ಬರೂ ಇಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ಅಜ್ಜಿಗೆ ಸೇರಲಿಲ್ಲ.

“ಬೇರೆ ಕಡೆ ಕತ್ರಿ ಬಿದ್ದ ತಲೆ ಮಾದಪ್ಪಂಗೆ ಮೀಸ್ಲಾಯ್ತದಾ? ಮೊದ್ಲು ಬೆಟ್ಟ. ಆಮೇಲೆ ಏನಾರ ಮಾಡ್ಕಳಿ.”

“ಬೆಟ್ಟದಲ್ಲಿ ಪೂರ್ತಿ ಬೋಳಿಸಿದ್ಮೇಲೆ ಅವ್ರಿಗ್ ಕೊಡಾಕೆ ಏನ್ ಉಳೀತದವ್ವ?” ಅಂದರು ಅಪ್ಪ.

“ಆ ಡಬ್ಬೀಲಿ ಅದಲ್ಲ, ಅದ್ನೇ ಕೊಟ್ಕಳ್ಲಿ.”

ಇಷ್ಟರ ನಡುವೆ ಅವ್ವನಿಗೆ ಹೊಸ ಗುಮಾನಿ ಬಂತು. ಇನ್ನು ಯಾರ್ಯಾರು ಈ ತಲೆಯ ಮೇಲೆ ಏನೇನು ಹೇಳಿಕೊಂಡಿದ್ದಾರೋ ಅಂತ. ನನ್ನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋಗಿ, ಬಾಗಿಲ ಬಳಿಯೇ ಏಲಿಯಮ್ಮ ಸಿಸ್ಟರನ್ನು ನಿಲ್ಲಿಸಿ, ನಿಮ್ಮ ಚರ್ಚಿಗೆ ಇವಳ ಕೂದಲನ್ನೇನಾದರೂ ಕೊಡುತ್ತೇನೆ ಅಂದಿದ್ದೀರಾ, ಮುಚ್ಚಿಡದೆ ಹೇಳಿಬಿಡಿ ಅಂದಳು. ಅವರಿಗೆ ನಗು ಬಂತು.

“ಇಲ್ಲ ಗೌರಮ್ಮ. ನಾನು ಪ್ರಾರ್ಥನೆ ಮಾಡಿದೆ ಅಷ್ಟೆ. ಜ್ವರ ಇಳಿದ ದಿನ ಒಂದು ಮೇಣದಬತ್ತಿ ಹಚ್ಚಿದೆ, ಅದೂ ಮುಗೀತು. ನಿಮ್ಮದೇನೂ ಬಾಕಿ ಇಲ್ಲ.”

ಅವ್ವ ಅಲ್ಲೇ ಬೆಂಚಿನ ಮೇಲೆ ಕೂತಳು. ಅಷ್ಟು ಸುಲಭವಾಗಿ ಮುಗಿಯುವ ಉಪಕಾರವೂ ಇರುತ್ತದೆ ಅಂತ ಅವಳಿಗೆ ನಂಬಿಕೆ ಬರಲಿಲ್ಲ. ಸಿಸ್ಟರ್ ಬೇಕಂತಲೇ ಮುಚ್ಚಿಡುತ್ತಿದ್ದಾರೆ ಅಂತ ದಾರಿಯುದ್ದಕ್ಕೂ ಗೊಣಗಿದಳು.

ನನ್ನ ಪಾಡು ಬೇರೆ. ದಿನಕ್ಕೆ ಎಷ್ಟು ಸಲ ನನ್ನ ಹಣೆಯನ್ನು ನಾನೇ ಮುಟ್ಟಿಕೊಳ್ಳುತ್ತಿದ್ದೆನೋ ಲೆಕ್ಕವಿಲ್ಲ. ಸಣ್ಣ ಕೆಮ್ಮು ಬಂದರೆ ವಾಪಸ್ಸು ಕರೆಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಮಲಗುವ ಮುಂಚೆ ಗೋಡೆಯ ಕಡೆ ತಿರುಗಿ, ನನ್ನನ್ನು ಉಳಿಸಿದೆ ಮಾದಪ್ಪ, ಒಳ್ಳೇದು ಅನ್ನುತ್ತಿದ್ದೆ. ಆಮೇಲೆ ‘ಶುಕರ್ ಬಾವಾ’ ಅನ್ನುತ್ತಿದ್ದೆ. ಕೊನೆಗೆ ಏಲಿಯಮ್ಮ ಸಿಸ್ಟರ್ ಮಾಡಿದಂತೆ ಹಣೆ, ಎದೆ, ಭುಜ ಮುಟ್ಟಿಕೊಳ್ಳುತ್ತಿದ್ದೆ, ಯಾವ ಭುಜ ಮೊದಲು ಅಂತ ಮರೆತು ಎರಡು ಥರವೂ ಮಾಡುತ್ತಿದ್ದೆ. ಇಷ್ಟೆಲ್ಲ ಮುಗಿಸಿದ ಮೇಲೆ, ಎರಡನೆಯವರಾಗಿ ಹೇಳಿಸಿಕೊಂಡವರು ಮುನಿಸಿಕೊಂಡರೆ ಅನ್ನುವ ಭಯ ಬರುತ್ತಿತ್ತು. ಹಾಗಾಗಿ ಒಂದು ದಿನ ಇವರು ಮೊದಲು, ಮರುದಿನ ಅವರು ಮೊದಲು. ನಿನ್ನೆ ಯಾರು ಮೊದಲಿದ್ದರು ಅನ್ನುವುದು ಮರೆತುಹೋದ ದಿನ ನಿದ್ದೆಯೇ ಬರುತ್ತಿರಲಿಲ್ಲ. ಇದನ್ನು ಯಾರಿಗಾದರೂ ಹೇಳೋಣವೆಂದರೆ, ಇಂಥದನ್ನು ಹೇಳಿಕೊಳ್ಳಲು ನನಗಿದ್ದವಳು ಜೈನಬ್ಬಿ ಒಬ್ಬಳೇ. ಅವಳ ಅಂಗಳಕ್ಕೆ ಹೋಗಕೂಡದು ಅಂತ ಅಪ್ಪಣೆಯಾಗಿತ್ತು. ಗೋಡೆಯಾಚೆ ತಿದಿಯ ಸದ್ದು, ಬಳೆಯ ಸದ್ದು ಕೇಳುತ್ತಿದ್ದರೆ ನನಗೆ ಅಳು ಬರುತ್ತಿತ್ತು.

ಕಡೆಗೆ ಅಜ್ಜಿಯ ಮಾತೇ ನಡೆಯಿತು. ಒಂದು ಸೋಮವಾರ ಬೆಟ್ಟಕ್ಕೆ ಹೊರಡುವುದು ಅಂತಾಯಿತು. ಬೆಳಿಗ್ಗೆ ನನಗೆ ಎಣ್ಣೆನೀರು ಹಾಕಿ, ಹೊಸ ಲಂಗ ತೊಡಿಸಿ, ಉದುರಿದ ಕೂದಲಿನ ಗಂಟನ್ನು ಅವ್ವ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಪ್ಪ, ಅಜ್ಜಿ, ಅವ್ವ, ನಾನು ಬಸ್‌ಸ್ಟ್ಯಾಂಡಿಗೆ ಬಂದೆವು. ಚಾಮರಾಜನಗರದ ಬಸ್ಸು ಇನ್ನೂ ಬಂದಿರಲಿಲ್ಲ. ಬಾವಾನಿಗೆ ಏನೂ ಕೊಡದೆ ಹೋಗುತ್ತಿದ್ದೇವೆ, ದಾರಿಯಲ್ಲೇ ಏನೋ ಆಗುತ್ತದೆ ಅಂತ ನನಗೆ ಖಾತ್ರಿಯಾಗಿತ್ತು. ಬೆಂಚಿನ ಮೇಲೆ ಕೂತವಳು ಅವ್ವನ ಸೆರಗು ಹಿಡಿದು ಎಳೆದೆ.

“ಅವ್ವ, ನಂಗೆ ಜ್ವರ ಬತ್ತಾ ಅದೆ.”

ಅವ್ವ ನನ್ನ ಹಣೆ ಮುಟ್ಟಿದಳು. ಕತ್ತು ಮುಟ್ಟಿದಳು. ಅಂಗಿಯೊಳಗೆ ಕೈ ಹಾಕಿ ಹೊಟ್ಟೆ ನೋಡಿದಳು. ಗಾಬರಿಯಾದರೆ ಅವಳ ಅಂಗೈ ಹಿಮದಂತೆ ತಣ್ಣಗಾಗುತ್ತಿತ್ತು, ಆ ಕೈಗೆ ಯಾರ ಮೈಯಾದರೂ ಬಿಸಿಯೇ. ಸೀರೆಗೆ ಕೈ ಉಜ್ಜಿಕೊಂಡು ಮತ್ತೆ ಮುಟ್ಟಿದಳು. ಅಪ್ಪ ಮುಟ್ಟಿ, ಏನೂ ಇಲ್ಲ, ಬಿಸಿಲಿಗೆ ಅಷ್ಟೆ ಅಂದರು. ಅಜ್ಜಿ ಮುಟ್ಟಿ, ಹರಕೆ ತೀರಿಸುವಾಗ ಇಂಥ ಅಡ್ಡಿ ಬರುವುದೇ, ಬಸ್ಸು ಹತ್ತಿ ಅಂದಳು. ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಅಪ್ಪ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದರು. ಅವ್ವ ಮಾತ್ರ ನನ್ನ ಕೈ ಹಿಡಿದು ನಿಂತಲ್ಲೇ ನಿಂತಿದ್ದಳು.

“ನಂಗ್ ಗೊತ್ತಾಯ್ತಾ ಇಲ್ಲ,” ಅಂದಳು. “ಇವ್ಳ ಮೈ ನಂಗ್ ಗೊತ್ತಾಯ್ತಾ ಇಲ್ಲ ಕ ಅತ್ತೆ. ಜೈನಬಕ್ಕ ನೋಡಿ ಹೇಳ್ಲಿ.”

“ಏನಮ್ಮಿ, ತಲೆ ಕೆಟ್ಟದಾ ನಿಂಗೆ?” ಅಂದಳು ಅಜ್ಜಿ. ಅಷ್ಟರಲ್ಲಿ ಅವ್ವ ತಿರುಗಿ ನಡೆದೇಬಿಟ್ಟಿದ್ದಳು.

ಅವಳ ಬಿರುಸಿಗೆ ನಾನು ಓಡಬೇಕಾಯಿತು. ಬೀದಿಯವರೆಲ್ಲ ನೋಡುತ್ತಿದ್ದರು. ಮನೆಯ ಬೀಗ ತೆಗೆದು, ಮೂಟೆಯ ಕೋಣೆ, ನಡುಮನೆ, ಅಡುಗೆಮನೆ ದಾಟಿ ಹಿತ್ತಿಲಿಗೆ ಬಂದು, ನನ್ನನ್ನೆತ್ತಿ ಗೋಡೆಯ ಮೇಲೆ ಕೂರಿಸಿದಳು. ಆಚೆ ಜೈನಬ್ಬಿ ಹುಣಸೆಹಣ್ಣು, ಬೂದಿ ಹಚ್ಚಿ ಕೊಳಗ ಉಜ್ಜುತ್ತಿದ್ದಳು. ಕತ್ತೆತ್ತಿ ನೋಡಿದಳು. ಇಬ್ಬರಲ್ಲಿ ಒಬ್ಬಳಾದರೂ ಬಾಯಿ ಬಿಡಲಿ ಅಂತ ನಾನು ಉಸಿರು ಹಿಡಿದು ಕಾದೆ.

“ಅಕ್ಕ, ಇವ್ಳ ಮೈ ನೋಡು,” ಅಂದಳು ಅವ್ವ.

ಜೈನಬ್ಬಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. ಕೈಯಿಂದ ಮುಟ್ಟಲಿಲ್ಲ, ತನ್ನ ಕೆನ್ನೆಯನ್ನು ನನ್ನ ಹಣೆಗೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ನನ್ನನ್ನು ಇಳಿಸಿಕೊಂಡಳು.

“ಜ್ವರ ಇಲ್ಲ. ಹೆದರ್ಕೊಂಡದೆ ಮಗು. ನಿನ್ನಂಗೇ.”

ಅವ್ವ ಗೋಡೆಯ ಮೇಲೆ ತಲೆಯಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ, ಹೀಗೆ ದನಿ ತೆಗೆದು ಅತ್ತದ್ದನ್ನು ನೋಡಿರಲಿಲ್ಲ.

“ಆವತ್ತು ನಾನು ಎಲ್ಗೂ ಓಗಿರ್ಲಿಲ್ಲ ಅಕ್ಕ. ಮೂಟೆ ಸಂದೀಲಿ ಕಿವಿ ಮುಚ್ಕೊಂಡು ಕೂತಿದ್ದೆ. ಇವ್ಳ ಉಸ್ರು ನಿಲ್ಲೋದ ನಾನು ಕೇಳ್ಬಾರ್ದು ಅಂತ. ಹೆತ್ತೋಳು ಮಾಡೋ ಕೆಲ್ಸವಾ ಅದು?”

“ಗೊತ್ತು,” ಅಂದಳು ಜೈನಬ್ಬಿ. “ನಾನು ಕೂತಿದ್ದ ತಾವಿಂದ ನಿನ್ ಕಾಲು ಕಾಣ್ತಿತ್ತು. ಆ ಮಾತ್ನ ನಾನು ಅವತ್ತು ಆಡ್ಬಾರ್ದಿತ್ತು ಗೌರಿ. ಯಾರಾರ ಒಬ್ರು ಕೂರ್ಬೇಕಿತ್ತು, ನಂಗೆ ಕೂರಾಕಾಯ್ತು, ಕೂತ್ಕಂಡೆ. ಅಷ್ಟೆಯಾ.”

ಅಷ್ಟು ಹೊತ್ತಿಗೆ ಅಪ್ಪನೂ ಅಜ್ಜಿಯೂ ಹಿಂದೆಯೇ ಬಂದಿದ್ದರು. ಅಜ್ಜಿ ಸಿಟ್ಟಿನಿಂದ ಕುದಿಯುತ್ತಿದ್ದಳು, ಆದರೂ ಅವ್ವನ ಮುಖ ನೋಡಿ ಮಣೆಯ ಮೇಲೆ ಹೋಗಿ ಕೂತಳು. ಇವತ್ತೇ ದರ್ಗಾಕ್ಕೆ ಹೋಗೋಣ, ಬೆಟ್ಟಕ್ಕೆ ಮುಂದಿನ ಸೋಮವಾರ ಅಂತ ಅವ್ವ ಹೇಳಿದಳು. ಅತ್ತೆ, ಗಂಡ ಯಾರೆದುರೂ ಅವಳು ಹೀಗೆ ಅಪ್ಪಣೆ ಕೊಟ್ಟ ಹಾಗೆ ಮಾತಾಡಿದವಳಲ್ಲ. ಮಾದಪ್ಪ ಮುನಿಸಿಕೊಂಡರೆ ಅಂತ ಅಜ್ಜಿ ಒಳಗಿನಿಂದ ಕೂಗಿದಳು. ಮುನಿಸಿಕೊಂಡರೆ ನನ್ನ ಮೇಲೆ ಮುನಿಸಿಕೊಳ್ಳಲಿ, ಹರಕೆ ಹೊತ್ತವಳು ನಾನು ಅಂದಳು ಅವ್ವ. ಮುಂದಿನ ಸೋಮವಾರ ಬೆಟ್ಟಕ್ಕೂ ಹೋದೆವು, ತಲೆ ನುಣ್ಣಗಾಯಿತು, ಮಾದಪ್ಪ ಮುನಿಸಿಕೊಂಡ ಹಾಗೆ ನನಗಂತೂ ಕಾಣಲಿಲ್ಲ. ಆದರೆ ನಾನು ಇಲ್ಲಿ ಹೇಳಬೇಕಾದ್ದು ಅದಲ್ಲ.

ದರ್ಗಾ ಅಂದರೆ ದೊಡ್ಡ ಕಟ್ಟಡವೇನಲ್ಲ. ರಸ್ತೆಯಿಂದ ಒಳಗೆ ನಾಲ್ಕು ಹೆಜ್ಜೆ, ಹಸಿರು ಬಳಿದ ಸಣ್ಣ ಕೋಣೆ, ಅದರೊಳಗೆ ಮಲ್ಲಿಗೆಯ ಚಾದರ ಹೊದಿಸಿದ ಗೋರಿ. ಅಪ್ಪ ಹೊರಗೆ ಚಪ್ಪಲಿ ಕಾಯುತ್ತ ನಿಂತರು. ಅವ್ವ ಒಂದು ಕಡೆ, ಜೈನಬ್ಬಿ ಇನ್ನೊಂದು ಕಡೆ, ಇಬ್ಬರೂ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದರು, ನಡುವೆ ನಾನು. ಇಷ್ಟು ದಿನ ಮಲಗುವಾಗ ಯಾರ ಸಿಟ್ಟಿಗೆ ಹೆದರಿದ್ದೆನೋ ಅವರ ಮುಂದೆಯೇ ಬಂದು ನಿಂತಿದ್ದೆ. ಮುಜಾವರ್ ಸಾಬರು ವಯಸ್ಸಾದವರು. ನನ್ನ ಹಿಂದಲೆಯಿಂದ ಒಂದು ಎಳೆಯಷ್ಟು ಕೂದಲು ಕತ್ತರಿಸಿ ಕಾಗದದಲ್ಲಿ ಸುತ್ತಿದರು. ಜೈನಬ್ಬಿ ತಗಡಿನ ಡಬ್ಬಿ ಕೊಟ್ಟಳು. ಅವ್ವ ಸಕ್ಕರೆಯ ಪೊಟ್ಟಣ ಬಿಚ್ಚಿ ಮುಂದಿಟ್ಟಳು. ಅವರು ಊದುಬತ್ತಿ ಹಚ್ಚಿ, ನವಿಲುಗರಿಯ ಕಟ್ಟನ್ನು ನನ್ನ ತಲೆಯ ಮೇಲಿಟ್ಟರು.

“ಮಗೀನ ಹೆಸ್ರು?”

“ಮಾದೇವಿ,” ಅಂದಳು ಅವ್ವ.

“ತಾಯಿ ಹೆಸ್ರು? ತಾಯಿ ಹೆಸ್ರು ಸೇರಿಸೇ ಓದ್ಬೇಕು, ಹೇಳಿ.”

ಜೈನಬ್ಬಿ ಅವ್ವನ ಹೆಸರು ಹೇಳಲು ಬಾಯಿ ತೆರೆದಳು. ಅವ್ವ ಅವಳ ಕೈ ಹಿಡಿದು ತಡೆದಳು.

“ಜೈನಬ್ಬಿ,” ಅಂದಳು ಅವ್ವ.

ಮುಜಾವರ್ ಸಾಬರಿಗೆ ಇಬ್ಬರೂ ಗೊತ್ತು. ಅವರು ಕಣ್ಣೆತ್ತಿ ಅವ್ವನನ್ನು ನೋಡಿದರು.

“ನಾನು ಕೇಳಿದ್ದು ಹೆತ್ತ ತಾಯಿ ಹೆಸ್ರು ಕಣಮ್ಮ.”

“ಗೊತ್ತು ಸಾಬ್ರೆ. ಅದ್ನೇ ಓದಿ.”

“ಏ ಗೌರಿ, ಬ್ಯಾಡ ಕಣೆ,” ಅಂದಳು ಜೈನಬ್ಬಿ. ಅವ್ವ ಅವಳ ಕೈ ಬಿಡಲಿಲ್ಲ. ಆಗ ಮುಜಾವರ್ ಸಾಬರು ಕಣ್ಣು ಮುಚ್ಚಿ ಓದತೊಡಗಿದರು. ನನಗೆ ತಿಳಿಯದ ಆ ಮಾತುಗಳ ನಡುವೆ ನನ್ನ ಹೆಸರು ಬಂತು, ಅದರ ಹಿಂದೆಯೇ ಜೈನಬ್ಬಿಯ ಹೆಸರು ಬಂತು. ನಾನು ಕತ್ತೆತ್ತಿ ನೋಡಿದೆ. ನನ್ನವ್ವ ಕಣ್ಣು ಮುಚ್ಚಿಕೊಂಡು, ಅವರು ಓದಿ ಮುಗಿಸುವ ತನಕ ಅಲುಗಾಡದೆ ನಿಂತಿದ್ದಳು.